ಅಮಾಸೆ ಕಳೀಲಿ ಅಂದಿದ್ದೆ

ಮಳೆಗೆ ನೆನೆದ ಈರುಳ್ಳಿ ರಾಶಿಯ ವಾಸನೆ ಗೊತ್ತಿರುವವರಿಗೇ ಗೊತ್ತು. ಹೋದ ವಾರ ಬೀರೂರು ಬಸ್ ಸ್ಟ್ಯಾಂಡಿನ ಹತ್ತಿರ, ಅಜ್ಜಂಪುರದ ಕಡೆಯಿಂದ ಬಂದ ಲಾರಿಯೊಂದು ನಮ್ಮ ಪಕ್ಕಕ್ಕೇ ಬಂದು ನಿಂತಿತು. ಟಾರ್ಪಾಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಜೊತೆಗಿದ್ದ ಮಗಳು ವೇಲನ್ನು ಮೂಗಿಗೆ ಒತ್ತಿಕೊಂಡಳು. ನನ್ನ ಅಂಗೈ ತಣ್ಣಗಾಯಿತು, ಬೆನ್ನಲ್ಲಿ ಬೆವರಿಳಿಯಿತು.

"ಏನಮ್ಮಾ, ಬಿಪಿ ಮಾತ್ರೆ ಮರ್ತ್ಯಾ?" ಅಂದಳು.

ಮರೆತಿರಲಿಲ್ಲ. ಅದು ಬಿಪಿ ಅಲ್ಲ. ಎರಡು ವರ್ಷದ ಹಿಂದಿನ ಪಿತೃಪಕ್ಷ ಆ ವಾಸನೆಯ ಜೊತೆ ಬಂದು ಎದೆ ಮೇಲೆ ಕೂತಿತ್ತು.

ಆಗ ನಾನು ಕಡೂರಕ್ಕ. ಹೆತ್ತವರು ಇಟ್ಟ ಹೆಸರು ಬೇರೆ ಇದೆ, ಅದು ರೇಷನ್ ಕಾರ್ಡಿನಲ್ಲಿ ಬೆಚ್ಚಗಿದೆ. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆಯ ಹೆಂಗಸರಿಗೆ ಮಾತ್ರ ನಾನು ಕಡೂರಕ್ಕನೇ. ನಾನು ಬ್ಲೌಸ್ ಹೊಲಿಯುವವಳು. ಬ್ಲೌಸ್ ರೆಡಿ ಇದೆ, ಬಂದು ತಗೊಂಡು ಹೋಗಿ ಅಂತ ತಿಳಿಸುವುದಕ್ಕೆ ಒಂದು ವಾಟ್ಸಾಪ್ ಗುಂಪು ಮಾಡಿದ್ದೆ. ಅಳತೆ ಕೊಡಲು ಬಂದವರು ಮಕ್ಕಳ ವಿಷಯ ಕೇಳುತ್ತಿದ್ದರು, ನಾನು ಬಾಯಲ್ಲಿ ಪಿನ್ನು ಕಚ್ಚಿಕೊಂಡೇ ಉತ್ತರ ಹೇಳುತ್ತಿದ್ದೆ. ಅದೇ ಪ್ರಶ್ನೆ, ಅದೇ ಉತ್ತರ ಫೋನಿಗೂ ಬಂತು. ಅವರು ತಮ್ಮ ಅಕ್ಕತಂಗಿಯರನ್ನು ಸೇರಿಸಿದರು, ಅವರು ಅವರ ನಾದಿನಿಯರನ್ನು ಸೇರಿಸಿದರು. ವರ್ಷ ಕಳೆಯುವುದರೊಳಗೆ ಬ್ಲೌಸು ಮರೆತೇಹೋಗಿ ಗುಂಪಿನ ಹೆಸರು 'ಅಮ್ಮಂದಿರ ಕಟ್ಟೆ' ಆಯಿತು.

ನಾನು ಬರೆಯುತ್ತಿರಲಿಲ್ಲ. ಬೆರಳಲ್ಲಿ ಒಂದೊಂದೇ ಅಕ್ಷರ ಹುಡುಕುವಷ್ಟು ತಾಳ್ಮೆ ನನಗೆಲ್ಲಿ? ಮಿಷನ್ ನಿಲ್ಲಿಸಿ, ಫೋನನ್ನು ಬಾಯಿ ಹತ್ತಿರ ಹಿಡಿದು ದನಿ ಕಳಿಸುತ್ತಿದ್ದೆ. ಕೂಸು ಹಾಲು ಕಕ್ಕುತ್ತೆ ಅಂದರೆ, "ಹೆಗಲ ಮೇಲೆ ಹಾಕ್ಕೊಂಡು ಬೆನ್ನು ಸವರು ಕಣೇ, ತೇಗು ಬರ್ಲಿ." ರಾಗಿ ಸರಿ ಉಗುಳ್ತಾನೆ ಅಂದರೆ, "ನೀನು ಮೊದ್ಲು ತಿಂದು ನೋಡಿದ್ಯಾ? ಗಂಟು ಕಟ್ಟಿರುತ್ತೆ." ಮೂರು ಹೆತ್ತವಳು, ಮೂರನ್ನೂ ದಡ ಸೇರಿಸಿದವಳು ಅನ್ನುವ ಗತ್ತು ನನ್ನ ದನಿಯಲ್ಲಿ ಇತ್ತು. ಸುಳ್ಳು ಯಾಕೆ ಹೇಳಲಿ, ಆ ಗತ್ತು ನನಗೆ ಬಹಳ ಇಷ್ಟವಾಗಿತ್ತು. ಮನೆಯಲ್ಲಿ ನನ್ನ ಮಾತಿಗೆ ಯಾರೂ ಕಿವಿ ಕೊಡುತ್ತಿರಲಿಲ್ಲ. ಅಲ್ಲಿ ಬಾಯಿ ತೆಗೆದರೆ ನಲವತ್ತು ಜನ ಕೈ ಮುಗಿಯುತ್ತಿದ್ದರು.

ನನ್ನ ಕಣ್ಣಿಗೆ ಕಸದಂತಿದ್ದವರು ಒಬ್ಬರೇ, ತರೀಕೆರೆ ಟೀಚರ್. ಅಂಗನವಾಡಿಯಲ್ಲಿ ಇದ್ದು ನಿವೃತ್ತರಾದವರು. ಮಾತು ಕಮ್ಮಿ. ಯಾರು ಏನೇ ಕೇಳಲಿ, "ಒಂದ್ಸಲ ಡಾಕ್ಟರಿಗೆ ತೋರಿಸಿಬಿಡಿ" ಎಂದು ಬರೆಯುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅದನ್ನು ಹೇಳುವುದಕ್ಕೆ ಅನುಭವ ಯಾಕೆ ಬೇಕು ಅಂತ.

ಆ ವರ್ಷ ಮಳೆಗಾಲದಲ್ಲಿ ಸಿಂಧು ಗುಂಪಿಗೆ ಬಂದಳು. ಅಜ್ಜಂಪುರದ ಹುಡುಗಿ, ಇಪ್ಪತ್ತೆರಡು ಇಪ್ಪತ್ತಮೂರು ಇರಬಹುದು, ಆಗ ಏಳು ತಿಂಗಳ ಬಸುರಿ. ಗಂಡ ಬೈಕ್ ರಿಪೇರಿ ಅಂಗಡಿ ಇಟ್ಟಿದ್ದ. "ಅಕ್ಕ, ನಮ್ಮಮ್ಮ ಇಲ್ಲ. ಅತ್ತೇನೂ ಇಲ್ಲ. ಮನೇಲಿ ಗಂಡ, ಮಾವ ಇಬ್ರೇ. ಬಾಣಂತನಕ್ಕೆ ಹೋಗೋಕೆ ತವರೇ ಇಲ್ಲ. ನೀವೇ ನಂಗೆ ಹೇಳ್ಕೊಡ್ಬೇಕು" ಅಂದಿದ್ದಳು. ಹಳೇ ಕಾಟನ್ ಸೀರೆ ಹರಿದು ಕೂಸಿಗೆ ನಾಲ್ಕು ಅಂಗಿ ಹೊಲಿದು, ಬಸ್ ಕಂಡಕ್ಟರ್ ಕೈಯಲ್ಲಿ ಕಳಿಸಿದೆ. ಅವಳು ದಿನಕ್ಕೆ ಐದಾರು ಸಲ ಕೇಳುತ್ತಿದ್ದಳು. ಎಡಕ್ಕೆ ಮಲಗಲೇ ಅಕ್ಕ, ಪಪ್ಪಾಯಿ ತಿನ್ನಬಹುದಾ ಅಕ್ಕ, ಕಾಲು ಊದಿದೆ ಅಕ್ಕ. ನಾನು ಅವಳನ್ನು ಒಮ್ಮೆಯೂ ಕಣ್ಣಲ್ಲಿ ನೋಡಿರಲಿಲ್ಲ. ಆದರೂ ಅವಳು ನನ್ನವಳಾಗಿದ್ದಳು.

ಪಿತೃಪಕ್ಷದ ಕೊನೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ಮೂರನೇ ದಿನ ಮನೆಗೆ ಬಂದರು. ನಾಲ್ಕನೇ ದಿನ ಒಂದು ಫೋಟೋ ಬಂತು: "ಅಕ್ಕ, ಕೂಸು ಹಳದಿ ಕಾಣ್ತಿದೆ." ಅದೇನು ಮಹಾ? ಹುಟ್ಟಿದ ಎಷ್ಟೋ ಕೂಸುಗಳು ಹಳದಿ ಆಗುತ್ತವೆ. ಬೆಳಗ್ಗೆ ಎಳೆ ಬಿಸಿಲಿಗೆ ಹಿಡಿ ಅಂದೆ. ಮಾರನೇ ದಿನ ಸಂಜೆ ಮತ್ತೆ ಬರೆದಳು: "ಹೊಟ್ಟೆ, ಕಾಲು ಎಲ್ಲಾ ಹಳದಿ ಆಗಿದೆ ಅಕ್ಕ. ಬರೀ ಮಲಗಿರುತ್ತೆ. ಎಬ್ಬಿಸಿದ್ರೂ ಹಾಲು ಚೀಪಲ್ಲ." ನಾನು ಹೇಳುವ ಮುಂಚೆಯೇ ಟೀಚರ್ ಬರೆದುಬಿಟ್ಟಿದ್ದರು: "ಕಾಯಬೇಡಿ. ಈಗಲೇ ಶಿವಮೊಗ್ಗಕ್ಕೆ ಹೊರಡಿ."

ನನ್ನ ಹುಡುಗಿಗೆ ಅವರು ಹೇಳುವುದೇ? ಮಿಷನ್ ನಿಲ್ಲಿಸಿದೆ. ಫೋನ್ ಎತ್ತಿಕೊಂಡೆ. ಅಂದು ನಾನು ಆಡಿದ ಒಂದೊಂದು ಮಾತೂ ನನಗೆ ಬಾಯಿಪಾಠ.

"ಸಿಂಧು, ಗಾಬರಿ ಬೀಳ್ಬೇಡ ಕಣವ್ವ. ಟೀಚರಿಗೆ ನೆಗಡಿ ಬಂದ್ರೂ ಡಾಕ್ಟ್ರೇ ಬೇಕು. ನನ್ನ ಎರಡನೇ ಮಗ ಅರಿಶಿನದ ಕೊಂಬು ಇದ್ದಂಗಿದ್ದ. ಎಳೆ ಬಿಸಿಲಿಗೆ ಹಿಡ್ದೆ, ಹೋಯ್ತು. ಇವತ್ತು ನೋಡು, ಆರಡಿ ಆಳು. ನಾಳೆ ಮಾಲಯ ಅಮಾಸೆ. ಅಮಾಸೆ ದಿನ ಹಸಿ ಕೂಸನ್ನ ಊರ ಗಡಿ ದಾಟಿಸ್ಬಾರ್ದು. ಅಮಾಸೆ ಕಳೀಲಿ. ಆಮೇಲೂ ಹಂಗೇ ಇದ್ರೆ ತೋರ್ಸು."

ಗುಂಪಿನವರೆಲ್ಲ ಸೂಪರ್ ಅಕ್ಕ ಅಂದರು. ಕೈ ಮುಗಿದರು. ಹೂವು ಹಾಕಿದರು. ಸಿಂಧು "ಸರಿ ಅಕ್ಕ, ಈಗ ಧೈರ್ಯ ಬಂತು" ಅಂದಳು. ಟೀಚರ್ ಮತ್ತೇನೂ ಬರೆಯಲಿಲ್ಲ. ಗೆದ್ದೆ ಅಂದುಕೊಂಡು ನಾನು ಅಡುಗೆಮನೆಗೆ ಹೋದೆ.

ಅಮಾವಾಸ್ಯೆಯ ದಿನ ಹಿರಿಯರಿಗೆ ಎಡೆ ಇಡುವ ಗಡಿಬಿಡಿ. ವಡೆ, ಪಾಯಸ, ಹಿರೀಕರ ಸೀರೆ ಪಂಚೆ, ಬಂದುಹೋಗುವ ನೆಂಟರು. ಫೋನ್ ನೋಡಲು ಬಿಡುವಾದಾಗ ರಾತ್ರಿಯಾಗಿತ್ತು. "ಕೂಸು ಹೆಂಗಿದೆಯೇ?" ಅಂತ ಸಿಂಧುಗೆ ಕೇಳಿದೆ. ಮೆಸೇಜಿನ ಕೆಳಗೆ ಒಂದೇ ಗೀಟು ಬಿತ್ತು. ಅಂದರೆ ಅವಳಿಗೆ ತಲುಪಿಲ್ಲ, ಫೋನ್ ಆಫ್. ಚಾರ್ಜು ಮುಗಿದಿರಬೇಕು ಅಂದುಕೊಂಡೆ. ಮಾರನೇ ದಿನ ಬೆಳಗ್ಗೆ ನೋಡಿದರೂ ಒಂದೇ ಗೀಟು. ಸಂಜೆಯೂ ಒಂದೇ.

ದಿನಕ್ಕೆ ಐದಾರು ಸಲ ಅಕ್ಕ ಅಕ್ಕ ಅನ್ನುತ್ತಿದ್ದ ಹುಡುಗಿ. ಕರೆ ಮಾಡಿದರೆ ಸ್ವಿಚ್ ಆಫ್. ಎರಡನೇ ದಿನ ಮಿಷನ್ ಬಿಟ್ಟು ಎದ್ದೆ. ಆಚೆ ಬಂದು ಆಕಾಶ ನೋಡಿದೆ. ಆಗ ಹೊಳೆಯಿತು, ಇಡೀ ವಾರ ಮೋಡ ಕವಿದಿತ್ತು. ಬಿಸಿಲೇ ಬಿದ್ದಿರಲಿಲ್ಲ! ಎಳೆ ಬಿಸಿಲಿಗೆ ಹಿಡಿ ಅಂತ ಹೇಳುವಾಗ ಒಂದು ಸಲ ಕಿಟಕಿ ಆಚೆಗಾದರೂ ನೋಡಬಾರದಿತ್ತೇ ಈ ಮುಂಡೇದು? ಹೊಲಿಗೆಗೆ ಕೂತರೆ ಬಲದ ತೋಳನ್ನು ಎಡಕ್ಕೆ ಹಾಕಿದೆ. ಬಿಚ್ಚಿದೆ, ಮತ್ತೆ ಅದನ್ನೇ ಮಾಡಿದೆ.

ಮೂರನೇ ದಿನ ಸಖರಾಯಪಟ್ಟಣದಿಂದ ನನ್ನ ತಂಗಿ ಫೋನ್ ಮಾಡಿದಳು. ಅವಳು ನಮ್ಮ ಗುಂಪಿನಲ್ಲಿ ಇರಲೇ ಇಲ್ಲ.

"ಅಕ್ಕಾ, ನಮ್ಮ ಸ್ವಸಹಾಯ ಸಂಘದ ಗುಂಪಲ್ಲಿ ಯಾರೋ ಒಂದು ವಾಯ್ಸ್ ಹಾಕವ್ರೆ. ನಿಂದೇ ದನಿ ಕಣೇ! ಕೂಸು ಹಳದಿ ಆದ್ರೆ ಏನು ಮಾಡ್ಬೇಕು ಅಂತ. ಏನ್ ಫೇಮಸ್ಸು ಬಿಡು ನೀನು."

ಅವಳು ಕಳಿಸಿದ್ದನ್ನು ತೆರೆದರೆ ಮೇಲೆ 'ಹಲವು ಬಾರಿ ಫಾರ್ವರ್ಡ್ ಮಾಡಲಾಗಿದೆ' ಅಂತ ಇತ್ತು. ಆಡುತ್ತಿದ್ದದ್ದು ನಾನೇ. ಅಮಾಸೆ ಕಳೀಲಿ, ಅಮಾಸೆ ಕಳೀಲಿ. ಅಳಿಸಲು ಹೋದರೆ ಎಲ್ಲರಿಗೂ ಅಳಿಸುವ ಅವಧಿ ಮುಗಿದಿತ್ತು, ನನ್ನ ಫೋನಿಂದ ಮಾತ್ರ ಹೋಗುತ್ತಂತೆ. ನನ್ನ ಫೋನಿಂದ ಹೋಗಿ ಯಾರಿಗೆ ಏನು ಭಾಗ್ಯ? ಮಾತು ಆಡಿದರೆ ಹೋಯಿತು ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ. ಇನ್ನೆಷ್ಟು ಮನೆಯಲ್ಲಿ, ಇನ್ನೆಷ್ಟು ಬಾಣಂತಿಯರು ಅದನ್ನು ಕೇಳಿಸಿಕೊಂಡು ಕೂತಿದ್ದಾರೋ! ಎಷ್ಟೋ ದಿನದ ಮೇಲೆ, ಅದು ತಪ್ಪು, ಕೂಸು ಹಳದಿಯಾಗಿ ಹಾಲು ಬಿಟ್ಟರೆ ಒಂದು ಗಳಿಗೆಯೂ ಕಾಯಬೇಡಿ ಅಂತ ಇನ್ನೊಂದು ದನಿ ಹಾಕಿದೆ. ಅದನ್ನು ಯಾರೂ ಎಲ್ಲಿಗೂ ಕಳಿಸಲಿಲ್ಲ.

ಅವತ್ತು ಅತ್ತೆ ಪಕ್ಕದಲ್ಲೇ ಕೂತು ಹೂಬತ್ತಿ ಹೊಸೆಯುತ್ತಿದ್ದರು. ತಂಗಿ ಕಳಿಸಿದ ದನಿಯನ್ನು ಅವರೂ ಕೇಳಿಸಿಕೊಂಡರು. ಬತ್ತಿ ಹೊಸೆಯುತ್ತಲೇ ಕೇಳಿದರು:

"ಅಲ್ಲ ಕಣೇ, ಲೈಟಿಗೆ ಹಾಕಿದ್ದು ಹೇಳ್ಲೇ ಇಲ್ವಲ್ಲ?"

ನಾನು ಫೋನ್ ಮಗುಚಿಟ್ಟೆ.

"ನಮ್ಮ ಹುಡುಗನ್ನ ಚಿಕ್ಕಮಗಳೂರಿಗೆ ಎತ್ಕೊಂಡು ಹೋಗಿ ಆಸ್ಪತ್ರೇಲಿ ನೀಲಿ ಲೈಟಿಗೆ ಹಾಕ್ಸಿದ್ವಲ್ಲೇ. ನೀನು ಅತ್ಕೊಂಡು ಗಾಜಿನ ಆಚೆ ನಿಂತಿದ್ದೆ. ಬಿಸಿಲಿಗೆ ಹಿಡ್ದಿದ್ದು ಮನೆಗೆ ಬಂದ್ಮೇಲೆ."

"ಅಷ್ಟುದ್ದ ಯಾರು ಕೇಳ್ತಾರೆ, ಸುಮ್ನಿರಿ ಅತ್ತೆ" ಅಂದುಬಿಟ್ಟೆ. ಆದರೆ ನನಗೆ ಗೊತ್ತಿತ್ತು. ನಾನು ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಮಗ ಹಳದಿಯಾಗಿದ್ದು ನಿಜ, ಬಿಸಿಲಿಗೆ ಹಿಡಿದಿದ್ದು ನಿಜ, ಆರಡಿ ಬೆಳೆದದ್ದೂ ನಿಜ. ನಡುವಿನ ಮೂರು ದಿನದ ಆಸ್ಪತ್ರೆಯನ್ನು ನುಂಗಿದ್ದೆ ಅಷ್ಟೆ. ಅದನ್ನು ಹೇಳಿದರೆ ಟೀಚರ್ ಹೇಳಿದ್ದೇ ಸರಿ ಅಂತ ಆಗುತ್ತಿತ್ತಲ್ಲ.

ಮಾರನೇ ದಿನ ಅಜ್ಜಂಪುರಕ್ಕೆ ಹೊರಟೆ. ಬಾಣಂತಿಯನ್ನು ನೋಡಲು ಬರಿಗೈಯಲ್ಲಿ ಹೋಗಬಾರದು. ಕೊಬ್ಬರಿ, ಬೆಲ್ಲ, ಬ್ಲೌಸ್ ಪೀಸು, ಕೂಸಿಗೊಂದು ಕುಲಾವಿ ಚೀಲಕ್ಕೆ ಹಾಕಿಕೊಂಡೆ. ಬಾಗಿಲು ದಾಟಿದವಳು ನಿಂತುಬಿಟ್ಟೆ. ಆ ಮನೆಯಲ್ಲಿ ಆಗಬಾರದ್ದು ಆಗಿಹೋಗಿದ್ದರೆ? ಸಾವಿನ ಮನೆಗೆ ಕುಲಾವಿ ಹಿಡಿದುಕೊಂಡು ಹೋಗುವುದೇ? ಒಳಗೆ ಹೋಗಿ ಎಲ್ಲ ತೆಗೆದಿಟ್ಟೆ. ತೆಗೆದಿಟ್ಟರೆ ನಾನೇ ಅಪಶಕುನ ನುಡಿದಂತಾಗುತ್ತದೆ ಅನ್ನಿಸಿ ಮತ್ತೆ ಹಾಕಿಕೊಂಡೆ. ಕೊನೆಗೆ ಎಲ್ಲವನ್ನೂ ಚೀಲದ ತಳಕ್ಕೆ ತಳ್ಳಿ, ಮೇಲೊಂದು ಟವೆಲ್ ಮುಚ್ಚಿ, ಯಾರಿಗೂ ಕಾಣದಂತೆ ಮಾಡಿಕೊಂಡು ಬಸ್ ಹತ್ತಿದೆ. ಬೀರೂರಲ್ಲಿ ಇಳಿದು ಇನ್ನೊಂದು ಬಸ್. ದಾರಿಯುದ್ದಕ್ಕೂ ನನ್ನ ಕಣ್ಣು ಮಾತ್ರ ಆ ಒಂದೇ ಗೀಟಿನ ಮೇಲೆ.

ಅಜ್ಜಂಪುರದಲ್ಲಿ ಈರುಳ್ಳಿ ಕಿತ್ತ ಕಾಲ. ಊರಾಚೆ ಕಣದಿಂದ ಹಿಡಿದು ಮನೆಯ ಜಗಲಿವರೆಗೂ ರಾಶಿ, ಎಲ್ಲಾ ಮಳೆಗೆ ತೋಯ್ದದ್ದು. ಬೈಕ್ ರಿಪೇರಿ ಅಂಗಡಿ ಹುಡುಕಿದೆ, ಷಟರ್ ಎಳೆದಿತ್ತು. ಹಿಂದಿನ ಬೀದಿಯಲ್ಲೇ ಮನೆ ಎಂದರು. ಅದಕ್ಕೂ ಬೀಗ. ಹೊರಗಿನ ತಂತಿಯ ಮೇಲೆ ನಾನು ಹೊಲಿದು ಕಳಿಸಿದ ಅಂಗಿ ಎರಡು ಒಣಗಲು ಹಾಕಿದ್ದು ಹಾಗೇ ಇತ್ತು, ಮಳೆಗೆ ನೆನೆದು ಜೋತುಬಿದ್ದಿತ್ತು.

ಎದುರು ಮನೆ ಜಗಲಿಯಲ್ಲಿ ಒಬ್ಬಳು ಅಜ್ಜಿ ಈರುಳ್ಳಿಯ ಜುಟ್ಟು ಕೊಯ್ಯುತ್ತಿದ್ದಳು. "ಯಾರು ಬೇಕವ್ವಾ?" ಅಂದಳು. ಸಿಂಧು ಅಂದೆ.

"ಅಯ್ಯೋ, ಆ ಕೂಸಿಗೆ ನೀರು ಹಾಕ್ತಿದ್ದೋಳು ನಾನೇ ಕಣವ್ವ. ಶಿವಮೊಗ್ಗಕ್ಕೆ ಎತ್ಕೊಂಡು ಹೋದ್ರು. ಮೈಯಾಗಿನ ರಕ್ತಾನೇ ಬದಲಾಯಿಸ್ಬೇಕು ಅಂದವ್ರಂತೆ. ಇರುತ್ತೋ ಹೋಗುತ್ತೋ ಶಿವನೇ ಬಲ್ಲ."

ಇದೆ! ಕೂಸು ಇದೆ. ನಾನು ಜಗಲಿಯ ಅಂಚಿಗೆ ಕುಸಿದು ಕೂತೆ. ಅಜ್ಜಿ ಒಳಗೆ ಹೋಗಿ ಮಜ್ಜಿಗೆ ತಂದು ಕೊಟ್ಟಳು.

"ಅಮಾಸೆ ದಿನ ಬೆಳಗ್ಗೇನೇ ಆ ಹುಡ್ಗ ಆಟೋ ತಂದು ಬಾಗ್ಲಾಗೆ ನಿಲ್ಸಿದ್ದ ಕಣವ್ವ. ನಡಿ ಹೋಗಾನ ಅಂದ. ಈ ಹುಡುಗಿ ಬರಾಕಿಲ್ಲ ಅಂದ್ಲು. ಕಡೂರ್ನೋಳು ಯಾರೋ ಒಬ್ಳು ಫೋನಾಗೆ ಹೇಳವ್ಳಂತೆ, ಅಮಾಸೆ ಕಳೀಲಿ ಅಂತ. ಅದನ್ನ ಗಂಡನಿಗೂ ಹಾಕಿ ಕೇಳ್ಸಿದ್ಲು. ಆಟೋದೋನು ಅರ್ಧ ಗಂಟೆ ನಿಂತು ವಾಪಸ್ ಹೋದ. ಅವತ್ತು ಸಂಜೀಕೆ ಕೂಸು ಬಿಲ್ಲಿನಂಗೆ ಬೆನ್ನು ಬಗ್ಗಿಸ್ತು. ನಾನೂ ಆ ಪಾಪಿ ಅಮಾಸೆ ಅಂತ ಸುಮ್ನಿದ್ದೆ, ನಂದೂ ತಪ್ಪೇ. ಆದ್ರೆ ಆ ಕಡೂರ್ನೋಳ ಬಾಯಿಗೆ ಮಣ್ಣು ಬೀಳ."

ಉಳಿದ ಮಜ್ಜಿಗೆಯನ್ನು ಜಗಲಿಯ ಮೇಲಿಟ್ಟೆ.

"ನಿಂದು ಯಾವೂರವ್ವ?" ಅಂದಳು ಅಜ್ಜಿ.

"ತರೀಕೆರೆ" ಅಂದೆ.

ನನ್ನ ಬಾಯಿಂದ ಅದು ಎಷ್ಟು ಸಲೀಸಾಗಿ ಬಂತು ನೋಡಿ. ಅಜ್ಜಿ "ಹೂಂ, ತಂಪಾಗಿರು" ಅಂದಳು. ತಂತಿಯ ಮೇಲಿನ ಅಂಗಿಗಳನ್ನು ತೆಗೆದು ಹಿಂಡಿ, ಅವಳ ಕೈಗೆ ಕೊಟ್ಟು ಬಂದೆ.

ಬಸ್ ನಿಲ್ದಾಣಕ್ಕೆ ಬಂದು ಟೀಚರಿಗೆ ಫೋನ್ ಮಾಡಿದೆ. ಅದೇ ಮೊದಲ ಸಲ. ಅವರು ನನ್ನ ದನಿ ಕೇಳಿದ ತಕ್ಷಣ, "ಕೂಸಿಗೆ ಇವತ್ತು ಪರವಾಗಿಲ್ಲ ಅಂದಿದಾರೆ, ಹಾಲು ಕುಡೀತಂತೆ" ಅಂದರು. ನಾನು ಕೇಳುವುದಕ್ಕೇ ಮುಂಚೆ. ಅಲ್ಲೇ ನಿಂತು ಜೋರಾಗಿ ಅತ್ತುಬಿಟ್ಟೆ. ಸುತ್ತ ನಿಂತಿದ್ದವರು ನೋಡುತ್ತಿದ್ದರು.

"ನಿಮಗೆ ಹೆಂಗೆ ಗೊತ್ತು ಟೀಚರ್?"

"ಅಮಾವಾಸ್ಯೆ ಸಂಜೆ ನನಗೇ ಫೋನ್ ಮಾಡಿದ್ಲು. ನಾನೇ ಆಂಬುಲೆನ್ಸ್ ನಂಬರ್ ಹೇಳಿ ಹೊರಡಿಸಿದೆ. ಈಗ ಗಂಡನ ಫೋನಿಂದ ಮಾತಾಡ್ತಾಳೆ."

"ನಂಗ್ಯಾಕೆ ಒಂದು ಮಾತು ಹೇಳ್ಲಿಲ್ಲ?"

"ಹೇಳ್ಬೇಡಿ ಅಂದ್ಲು. ಅಮಾಸೆ ದಿನಾನೇ ಗಡಿ ದಾಟಿಸಿದೆ ಅಂತ ಗೊತ್ತಾದ್ರೆ ಅಕ್ಕ ಬೇಜಾರು ಮಾಡ್ಕೋತಾರೆ ಅಂದ್ಲು. ಫೋನ್ ಆಫ್ ಮಾಡಿದ್ದೂ ಅದಕ್ಕೇ."

ಕೂಸಿನ ಜೀವ ಹೋಗುತ್ತಿದ್ದಾಗ ಆ ಹುಡುಗಿಗೆ ನನ್ನ ಹೆದರಿಕೆ! ಟೀಚರ್ ಒಂದು ಮಾತು ಬೈದಿದ್ದರೂ ಹಗುರವಾಗುತ್ತಿತ್ತು. ಬೈಯಲಿಲ್ಲ. "ಹುಷಾರಾಗಿ ಊರಿಗೆ ಹೋಗಿ" ಅಂದರು.

ದೀಪಾವಳಿಗೆ ಮುಂಚೆ ಕೂಸು ಮನೆಗೆ ಬಂತು. ಒಂದು ಗೀಟು ಎರಡಾಯಿತು. "ಅಕ್ಕ, ನಿಮ್ಮೆಲ್ಲರ ಆಶೀರ್ವಾದ, ಪುಟ್ಟಿ ಬಂದ್ಲು. ಬಂದು ನೋಡ್ಕೊಂಡು ಹೋಗಿ" ಅಂತ ಸಿಂಧು ಬರೆದಳು. ಒಂದು ಆಕ್ಷೇಪಣೆ ಇಲ್ಲ, ಕೊಂಕಿಲ್ಲ. ನನಗೆ ಹೋಗಲು ಧೈರ್ಯ ಬರಲಿಲ್ಲ. ದೀಪಾವಳಿ ಬ್ಲೌಸು ಅಂದೆ, ಆಮೇಲೆ ಮದುವೆ ಬ್ಲೌಸು ಅಂದೆ. ಹಳದಿ ಅಷ್ಟು ಏರಿದರೆ ಕಿವಿಗೆ ಪೆಟ್ಟಾಗಬಹುದು, ಕಿವಿಯ ಮೇಲೆ ಕಣ್ಣಿಟ್ಟಿರಿ, ಮೂರು ತಿಂಗಳಿಗೆ ಪರೀಕ್ಷೆ ಮಾಡಿಸಿ ಅಂತ ಡಾಕ್ಟರು ಹೇಳಿದ್ದಾರೆ ಎಂದು ಟೀಚರಿಂದ ತಿಳಿಯಿತು. ಆ ಮೂರು ತಿಂಗಳು ನಾನು ಪಟ್ಟ ಪಾಡು ನನ್ನ ಹಗೆಗೂ ಬೇಡ. ಬ್ಲೌಸ್ ಅಳತೆಗೆ ಬಂದವರ ಕಂಕುಳಲ್ಲಿ ಕೂಸಿದ್ದರೆ ಸಾಕು, ಅದರ ಬೆನ್ನ ಹಿಂದೆ ಕತ್ತರಿ ಬೀಳಿಸಿ, ತಿರುಗುತ್ತಾ ಅಂತ ನೋಡುತ್ತಿದ್ದೆ. ಎಲ್ಲವೂ ತಿರುಗುತ್ತಿದ್ದವು.

ಅವರೆಕಾಯಿ ಕಾಲಕ್ಕೆ ಸಿಂಧುವೇ ಫೋನ್ ಮಾಡಿದಳು. "ಪರೀಕ್ಷೆ ಆಯ್ತು ಅಕ್ಕ. ಬಲದ್ದು ಸರಿ ಇದೆಯಂತೆ. ಎಡಗಿವಿ ಮಂದವಂತೆ. ಇನ್ನೊಂದ್ಸಲ ನೋಡೋಣ ಅಂದವ್ರೆ." ಇನ್ನು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಅವತ್ತೇ ಬಸ್ ಹತ್ತಿದೆ.

ನಾನು ಊಹಿಸಿದ್ದಕ್ಕಿಂತ ಸಣ್ಣ ಹುಡುಗಿ. ಕಾಲಿಗೆ ಬಿದ್ದಳು. ಕೂಸನ್ನು ನನ್ನ ಮಡಿಲಲ್ಲಿ ಹಾಕಿ ಕಾಫಿ ಇಡಲು ಹೋದಳು. ಪುಟ್ಟಿ ದುಂಡುದುಂಡಗೆ ಇದ್ದಳು, ನನ್ನ ಸರ ಹಿಡಿದು ಎಳೆದಳು. ಎದುರು ಮನೆ ಅಜ್ಜಿ ಎಲ್ಲಿ ಬಂದುಬಿಡುತ್ತಾಳೋ ಅಂತ ನಾನು ಬಾಗಿಲ ಕಡೆಗೇ ನೋಡುತ್ತಿದ್ದೆ.

ಸಿಂಧು ಕಾಫಿ ಕೊಟ್ಟು ಎದುರಿಗೆ ಕೂತಳು. ಸ್ವಲ್ಪ ಹೊತ್ತು ಸೆರಗಿನ ಅಂಚು ತಿರುಚುತ್ತಿದ್ದಳು. ಆಮೇಲೆ ಸಣ್ಣ ದನಿಯಲ್ಲಿ ಅಂದಳು:

"ಅಕ್ಕ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಾನು ಸರಿಯಾಗಿ ಬಿಸಿಲಿಗೆ ಹಿಡೀಲಿಲ್ಲ ಅಲ್ವಾ? ಮೋಡ ಇತ್ತು. ಚಳಿ ಆಗುತ್ತೆ ಅಂತ ಬೇಗ ಒಳಗೆ ಎತ್ಕೊಂಡು ಬಂದ್ಬಿಡ್ತಿದ್ದೆ. ನಿಮ್ಮ ಮಗನಿಗೆ ಬರೀ ಬಿಸಿಲಿಗೇ ವಾಸಿ ಆಯ್ತು. ನನ್ನ ಕೈಲಿ ಅಷ್ಟೂ ಆಗ್ಲಿಲ್ಲ. ನಮ್ಮಮ್ಮ ಇದ್ದಿದ್ರೆ ಹಿಂಗಾಗ್ತಿರಲಿಲ್ಲ. ನಾನೇ ನನ್ನ ಮಗಳ ಕಿವಿ ಹಾಳು ಮಾಡ್ದೆ ಅಂತ ದಿನಾ ಅನ್ಸುತ್ತೆ."

ಮೂರು ತಿಂಗಳಿಂದ ಆ ಹುಡುಗಿ ಇದನ್ನು ಹೊತ್ತುಕೊಂಡು ತಿರುಗುತ್ತಿದ್ದಳು. ಸುಮ್ಮನಿದ್ದರೆ ನನಗೆ ಏನೂ ಆಗುತ್ತಿರಲಿಲ್ಲ. ಹಣೆಬರಹ ಕಣವ್ವ ಅಂದಿದ್ದರೆ ಅವಳು ಕಣ್ಣೊರೆಸಿಕೊಂಡು ನನಗೆ ಅರಿಶಿನ ಕುಂಕುಮ ಕೊಟ್ಟು ಕಳಿಸುತ್ತಿದ್ದಳು. ಕಾಫಿ ಲೋಟ ಕೆಳಗಿಟ್ಟೆ.

"ನಿಂದೇನೂ ತಪ್ಪಿಲ್ಲ ಸಿಂಧು. ನನ್ನ ಮಗನಿಗೆ ಬಿಸಿಲಿಂದ ವಾಸಿ ಆಗಿದ್ದಲ್ಲ. ಚಿಕ್ಕಮಗಳೂರಿಗೆ ಕರ್ಕೊಂಡು ಹೋಗಿದ್ವಿ. ಲೈಟಿಗೆ ಹಾಕಿದ್ರು."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ನನ್ನ ಮುಖವನ್ನೇ ನೋಡಿದಳು.

"ಪುಟ್ಟಿಗೆ ಹಾಕಿದ್ರಲ್ಲ, ಅಂಥ ಲೈಟಿಗಾ?"

"ಹೂಂ."

"ಎಷ್ಟು ದಿನ?"

"ಮೂರು ದಿನ."

"ಯಾವಾಗ ಕರ್ಕೊಂಡು ಹೋಗಿದ್ರಿ?"

"ಹಳದಿ ಕಂಡಿದ್ದ ದಿನಾನೇ."

ಸಿಂಧು ಎದ್ದಳು. ಬಗ್ಗಿ, ಪುಟ್ಟಿಯ ಬೆರಳಿಂದ ನನ್ನ ಸರವನ್ನು ಒಂದೊಂದೇ ಎಳೆಯಾಗಿ ಬಿಡಿಸಿದಳು. ಕೂಸನ್ನು ನನ್ನ ಮಡಿಲಿಂದ ಎತ್ತಿಕೊಂಡು, ಬಲಗಿವಿ ತನ್ನ ಬಾಯಿಗೆ ಬರುವ ಹಾಗೆ ಹೆಗಲಿಗೆ ಹಾಕಿಕೊಂಡಳು.

"ನಿಮಗೆ ಬಸ್ಸಿಗೆ ಹೊತ್ತಾಗುತ್ತೆ" ಅಂದಳು.

ಬಸ್ಸು ಐದು ಗಂಟೆಗಿತ್ತು. ಆಗಿನ್ನೂ ಎರಡೂವರೆ.